ಹಾಕಿ ಆಡಿದ ಹುಡುಗಿ ನಾಲ್ಕು ತಿಂಗಳಲ್ಲಿ ಬ್ಯಾಲೆ ಡಾನ್ಸರ್ ಥರ ಕಾಣಬಹುದಾ?

ಕಾಫಿಕಣ (ವಿರಾಜಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರ. ಬೈಬೇಡಿ.

ನನ್ನ ಅಕ್ಕನ ಮಗಳಿಗೆ 22 ವರ್ಷ. ಶಾಲೆಯಿಂದ ಡಿಗ್ರಿ ಮುಗಿಯುವವರೆಗೂ ಹಾಕಿ ಆಡಿದವಳು. ನಮ್ಮೂರಲ್ಲಿ ಅದೇನು ದೊಡ್ಡ ಸುದ್ದಿ ಅಲ್ಲ ಬಿಡಿ. ಕಾಲೇಜಿನಲ್ಲಿ ನಾಟಕದ ಹುಚ್ಚು ಹಿಡಿಯಿತು. ಈಗ ಬೆಂಗಳೂರಿನ ಅವಳ ಗೆಳೆಯರು ಅರ್ಧ ಗಂಟೆಯ ಒಂದು ಸಿನಿಮಾ ಮಾಡುತ್ತಿದ್ದಾರೆ. ಹೊರದೇಶದಲ್ಲಿ ಬ್ಯಾಲೆ ಕಲಿಯಲು ಹೋಗಿ, ಅರ್ಧಕ್ಕೇ ಬಿಟ್ಟು ಕೊಡಗಿಗೆ ವಾಪಸ್ ಬರುವ ಹುಡುಗಿಯ ಪಾತ್ರ ಇವಳದ್ದು. ಒಂದು ಕಡೆ ಎರಡೂವರೆ ನಿಮಿಷ ಕುಣಿಯಬೇಕಂತೆ. ತುಲಾ ಸಂಕ್ರಮಣ ಕಳೆದ ಮೇಲೆ ಶೂಟಿಂಗ್. ಲೆಕ್ಕ ಹಾಕಿದರೆ ನಾಲ್ಕು ತಿಂಗಳು ಇದೆ.

ಈ ಹುಡುಗಿ ‘ಬ್ಲ್ಯಾಕ್ ಸ್ವಾನ್’ ಸಿನಿಮಾ ಮೂರು ಸಲ ನೋಡಿ, ಬೆರಳ ತುದಿಯಲ್ಲಿ ನಿಲ್ಲುವ ಆ ಗುಲಾಬಿ ಶೂ ಇದೆಯಲ್ಲ, ಅದನ್ನು ಆನ್‌ಲೈನ್‌ನಲ್ಲಿ ಆರಿಸಿಟ್ಟಿದ್ದಾಳೆ. ದುಡ್ಡು ಕೊಡಬೇಕಾದವನು ಮಾವ, ಅಂದರೆ ನಾನು. ಕೊಡಿಸಲಾ ಬೇಡವಾ? ಅದಕ್ಕಿಂತ ಮೊದಲು, ಸಿನಿಮಾ ನಟರು ಇದಕ್ಕೆ ಮೈ ಹೇಗೆ ತಯಾರು ಮಾಡಿಕೊಳ್ಳುತ್ತಾರೆ ಅಂತ ಗೊತ್ತಿದ್ದವರು ಹೇಳಿ.

ಫಿಸಿಯೋ, ಡಾಕ್ಟ್ರಲ್ಲ

ಶೂ ಬೇಡ. ಇನ್ನೊಂದು ಸಲ ಹೇಳ್ತೀನಿ, ಶೂ ಬೇಡ. ರಾತ್ರಿ ಡ್ಯೂಟಿ ಮುಗಿಸಿ ಬಂದು ವಿವರ ಬರೆಯುತ್ತೇನೆ. ಅಲ್ಲಿವರೆಗೆ ಅವಳ ಫೋನ್ ಕಿತ್ತಿಟ್ಟುಕೊಳ್ಳಿ.

ಒಳ್ಳೆಮೆಣಸು

ಬ್ಯಾಲೆ ಗೊತ್ತಿರೋ ಹುಡುಗಿಯನ್ನೇ ಹಾಕಿಕೊಂಡರೆ ಆಗಲ್ವಾ? ಹಾಕಿ ಆಟಗಾರ್ತಿಯ ಪಾತ್ರಕ್ಕೆ ಕೋಲು ಹಿಡಿಯಲು ಬಾರದವಳನ್ನು ಹಾಕಿದರೆ ನಾವು ಕೊಡಗಿನವರು ಸುಮ್ಮನೆ ಬಿಡ್ತೀವಾ?

ಕಾಫಿಕಣ

ಬಿಡಲ್ಲ. ಆದರೆ ದುಡ್ಡಿಲ್ಲದ ಸಿನಿಮಾ ಸ್ವಾಮಿ. ಊಟ ನಮ್ಮ ಮನೆಯದೇ.

ಕತ್ತರಿ (ಕುಶಾಲನಗರ, ಈಗ ಬೆಂಗಳೂರು)

ನಾನು ಎಡಿಟಿಂಗ್ ಮಾಡುವವನು. ಒಳ್ಳೆಮೆಣಸು ಕೇಳಿದ್ದು ಹಳೇ ಜಗಳ. ಸಿನಿಮಾದವರು ಎರಡೂ ದಾರಿ ನೋಡಿದ್ದಾರೆ. 1948ರ ‘ದಿ ರೆಡ್ ಶೂಸ್’ನಲ್ಲಿ ನಟಿಸಿದ ಮೊಯ್ರಾ ಶಿಯರರ್ ನಿಜವಾದ ಬ್ಯಾಲೆ ಕಲಾವಿದೆ. 1977ರ ‘ದಿ ಟರ್ನಿಂಗ್ ಪಾಯಿಂಟ್’ನಲ್ಲಿ ಹೆಸರಾಂತ ಬ್ಯಾಲೆ ಕಲಾವಿದ ಮಿಖಾಯಿಲ್ ಬರಿಶ್ನಿಕೋವ್ ಅವರನ್ನೇ ತಂದರು. 2000ದ ‘ಬಿಲ್ಲಿ ಎಲಿಯಟ್’ಗೆ ಎರಡು ಸಾವಿರಕ್ಕೂ ಜಾಸ್ತಿ ಹುಡುಗರನ್ನು ನೋಡಿ, ಆರನೇ ವಯಸ್ಸಿನಿಂದ ಡಾನ್ಸ್ ಕಲಿತಿದ್ದ ಜೇಮಿ ಬೆಲ್ ಅವರನ್ನು ಆರಿಸಿದರು. ನಮ್ಮ ದೇಶದ್ದೇ ಬೇಕು ಅಂದರೆ 2020ರ ‘ಯೆ ಬ್ಯಾಲೆ’ ನೋಡಿ. ಅದರಲ್ಲಿ ಮುಂಬೈಯ ಬ್ಯಾಲೆ ಡಾನ್ಸರ್ ಮನೀಶ್ ಚೌಹಾಣ್ ತಮ್ಮದೇ ಬದುಕಿನ ಮೇಲೆ ಕಟ್ಟಿದ ಪಾತ್ರ ಮಾಡಿದ್ದಾರೆ. ಡಾನ್ಸರ್‌ಗೆ ನಟನೆ ಕಲಿಸುವುದು ಒಂದು ದಾರಿ, ನಟಿಗೆ ಡಾನ್ಸ್ ಕಲಿಸುವುದು ಇನ್ನೊಂದು. ಎರಡನೆಯದು ಜಾಸ್ತಿ ನೋವಿನದ್ದು.

‘ಬ್ಲ್ಯಾಕ್ ಸ್ವಾನ್’ ವಿಷಯ. ಅದರ ನಾಯಕಿ ನಟಾಲಿ ಪೋರ್ಟ್‌ಮನ್ ಚಿಕ್ಕಂದಿನಲ್ಲಿ ನಾಲ್ಕರಿಂದ ಹನ್ನೆರಡು ವರ್ಷದವರೆಗೆ ಬ್ಯಾಲೆ ಕಲಿತಿದ್ದರು. ಅಷ್ಟಿದ್ದೂ ಸಿನಿಮಾಕ್ಕೆ ಒಂದು ವರ್ಷ ತಯಾರಿ ಬೇಕಾಯಿತು. ನ್ಯೂಯಾರ್ಕ್ ಸಿಟಿ ಬ್ಯಾಲೆಯಲ್ಲಿ ಇದ್ದ ಮೇರಿ ಹೆಲೆನ್ ಬೋವರ್ಸ್ ಕಲಿಸಿದರು. ದಿನಕ್ಕೆ 5 ಗಂಟೆ ಕಸರತ್ತು, ಈಜು, ಬ್ಯಾಲೆ. ಶೂಟಿಂಗ್ ಹತ್ತಿರ ಬಂದಾಗ ನೃತ್ಯದ ಅಭ್ಯಾಸವೂ ಸೇರಿ ದಿನಕ್ಕೆ 8 ಗಂಟೆ. ಇದು ಸುಮ್ನೆ ಹೇಳ್ತಿಲ್ಲ. ನಾಲ್ಕು ತಿಂಗಳು ಅಂದರೆ ಏನು ಅಂತ ಅಂದಾಜು ಸಿಗಲಿ ಅಂತ.

ಲೆಫ್ಟ್ ಔಟ್

ಈಜು ಯಾಕೆ? ಬ್ಯಾಲೆಗೂ ಈಜಿಗೂ ಏನು ಸಂಬಂಧ?

ಫಿಸಿಯೋ, ಡಾಕ್ಟ್ರಲ್ಲ

ಬಂದೆ. ಲೆಫ್ಟ್ ಔಟ್ ಪ್ರಶ್ನೆ ಒಳ್ಳೆಯದು. ಈಜಿನಲ್ಲಿ ಬೆನ್ನು, ಭುಜ, ಉಸಿರು ಮೂರೂ ಕೆಲಸ ಮಾಡುತ್ತವೆ. ಕೀಲುಗಳ ಮೇಲೆ ಭಾರ ಬೀಳುವುದಿಲ್ಲ. ಮೈ ಉದ್ದಕ್ಕೆ ಎಳೆದುಕೊಂಡ ಹಾಗೆ ಆಗುತ್ತದೆ. ಬ್ಯಾಲೆಯವರಿಗೆ ಬೇಕಾದ್ದೂ ಅದೇ.

ಇನ್ನು ಶೂ. ಅದಕ್ಕೆ ಪಾಯಿಂಟ್ ಶೂ ಅಂತಾರೆ. ತುದಿಯಲ್ಲಿ ಮರ ಇರುತ್ತೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಮರ ಇಲ್ಲ. ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಸೇರಿಸಿ ಗಟ್ಟಿ ಮಾಡಿದ ಡಬ್ಬಿ ಅದು. ಮೈಯ ಪೂರ್ತಿ ಭಾರ ಆ ಡಬ್ಬಿಯ ಅಂಗೈಗಿಂತ ಚಿಕ್ಕ ಜಾಗದ ಮೇಲೆ ಬೀಳುತ್ತದೆ. ಮಕ್ಕಳಿಗೆ ಕೆಲವು ವರ್ಷ ಮೆತ್ತನೆ ಶೂನಲ್ಲಿ ಕಲಿಸಿ, 11-12 ವರ್ಷದ ಹೊತ್ತಿಗೆ ಪಾದ, ಹಿಮ್ಮಡಿ, ನಡು ಎಲ್ಲ ಗಟ್ಟಿಯಾಗಿದೆಯಾ ನೋಡಿ, ಆಮೇಲೆ ಕೊಡುತ್ತಾರೆ. ಯೂಟ್ಯೂಬ್ ನೋಡಿ ಅಡುಗೆಮನೆಯಲ್ಲಿ ಹಾಕಿಕೊಂಡು ನಿಂತರೆ ನನ್ನಂಥವರ ಹೊಟ್ಟೆಪಾಡು ನಡೆಯುತ್ತದೆ, ಅಷ್ಟೇ.

ಒಂದು ಪರೀಕ್ಷೆ ಮಾಡಿಸಿ. ಒಂದೇ ಕಾಲಲ್ಲಿ ನಿಂತು, ಮಂಡಿ ಮಡಿಸದೆ, ಹಿಮ್ಮಡಿ ಎತ್ತಿ ಇಳಿಸಲಿ. 25 ಸಲ, ಅಲುಗಾಡದೆ. ಎಷ್ಟಕ್ಕೆ ನಡುಗುತ್ತಾಳೆ ನೋಡಿ ಹೇಳಿ.

ಕಾಫಿಕಣ

ಬಲಗಾಲು 31. ಎಡಗಾಲು 28. ಮುಖದಲ್ಲಿ ಗರ್ವ. ಹಾಕಿ ಕಾಲು ಸ್ವಾಮಿ, ಗುಡ್ಡ ಹತ್ತಿದ ಕಾಲು.

ಫಿಸಿಯೋ, ಡಾಕ್ಟ್ರಲ್ಲ

ಭೇಷ್. ಆದರೂ ಶೂ ಬೇಡ.

ಎರಡನೇ ಪರೀಕ್ಷೆ. ನಿಮ್ಮದು ಹಳೇ ಮನೆ ಆಗಿದ್ದರೆ ಕೆಂಪು ರೆಡಾಕ್ಸೈಡ್ ನೆಲ ಇದ್ದೇ ಇರುತ್ತೆ. ಅದರ ಮೇಲೆ ಸಾಕ್ಸ್ ಹಾಕಿ ನಿಲ್ಲಿಸಿ. ಹಿಮ್ಮಡಿ ಸೇರಿಸಿ, ಬೆರಳು ಹೊರಗೆ ತಿರುಗಿಸಲಿ. ಒರಟು ನೆಲ ಪಾದವನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಎಲ್ಲರೂ ಜಾಸ್ತಿ ತಿರುಗಿಸಿದ ಹಾಗೆ ಕಾಣುತ್ತದೆ. ಜಾರುವ ನೆಲದಲ್ಲಿ ಮೋಸ ನಡೆಯಲ್ಲ. ಸೊಂಟದ ಕೀಲು ಎಷ್ಟು ಬಿಡುತ್ತದೋ ಅಷ್ಟೇ ತಿರುಗುತ್ತದೆ. ಅವಳದ್ದು ಎಷ್ಟಿದೆಯೋ ಅಷ್ಟರಲ್ಲೇ ಕೆಲಸ ಮಾಡಬೇಕು. ಕಡಿಮೆ ಬಿತ್ತು ಅಂತ ಮಂಡಿಯಿಂದ ತಿರುಗಿಸಿದರೆ ಮಂಡಿ ಹೋಗುತ್ತದೆ. ನಟರಿಗೆ ಆಗುವ ಪೆಟ್ಟಿನಲ್ಲಿ ಇದು ಮಾಮೂಲಿ. ಸಮಯ ಇರಲ್ಲ, ತೋರಿಸಬೇಕು ಅನ್ನುವ ಆತುರ ಇರುತ್ತದೆ.

ಹಾಗೇ, ಕಾಫಿ ಕಣದ ಸಿಮೆಂಟ್ ಮೇಲೆ ಹಾರಿಸಬೇಡಿ. ಬ್ಯಾಲೆ ಶಾಲೆಗಳಲ್ಲಿ ಒಳಗೆ ಸ್ವಲ್ಪ ಬಳುಕುವ ಹಲಗೆ ನೆಲ ಇರುತ್ತದೆ. ಸಿಮೆಂಟ್ ಮೇಲೆ ದಿನಾ ಹಾರಿದರೆ ಮೊಳಕಾಲಿನ ಎಲುಬು ಹೋಯ್ತು ಅಂತಲೇ ಲೆಕ್ಕ.

ಗೆಜ್ಜೆ ಟೀಚರ್ (ಮಡಿಕೇರಿ)

ಎಲ್ಲರೂ ಕಾಲಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಭರತನಾಟ್ಯ ಕಲಿಸುವವಳು, ಬ್ಯಾಲೆ ಅಲ್ಲ. ಆದರೆ ಇಪ್ಪತ್ತು ವರ್ಷದಿಂದ ಹುಡುಗಿಯರ ಮೈ ನೋಡ್ತಿದ್ದೀನಿ. ಒಂದು ಮಾತು ಹೇಳ್ತೀನಿ. ಕಾಲನ್ನು ಸಾಲ ತರಬಹುದು. ಕತ್ತು, ಬೆನ್ನು ಸಾಲ ಸಿಗಲ್ಲ.

ಒಬ್ಬಳು ನೃತ್ಯ ಕಲಿತಿದ್ದಾಳೋ ಇಲ್ಲವೋ ಅಂತ ನನಗೆ ಗೊತ್ತಾಗುವುದು ಅವಳು ಕುಣಿದಾಗ ಅಲ್ಲ. ನೀರಿನ ಬಾಟಲಿ ತೆಗೆದುಕೊಳ್ಳಲು ಬಗ್ಗಿದಾಗ. ಕಲಿತವಳು ಬಗ್ಗಿದರೂ ಬೆನ್ನು ಎಲ್ಲಿದೆ ಅಂತ ಅವಳಿಗೆ ಗೊತ್ತಿರುತ್ತದೆ.

ನಮ್ಮ ಅರಮಂಡಿಗೂ (ಮಂಡಿ ಮಡಿಸಿ ಅರ್ಧ ಕೂರುವುದು) ಬ್ಯಾಲೆಯ ಪ್ಲಿಯೇಗೂ (ಅವರು ಮಂಡಿ ಮಡಿಸಿ ತಗ್ಗುವುದು) ಸೊಂಟದ ಮಟ್ಟದಲ್ಲಿ ನೆಂಟಸ್ತಿಕೆ ಇದೆ. ಎರಡರಲ್ಲೂ ತೊಡೆ ಹೊರಗೆ ತಿರುಗಬೇಕು, ಮಂಡಿ ಬೆರಳಿನ ದಿಕ್ಕಿಗೇ ಹೋಗಬೇಕು. ಅಲ್ಲಿಗೆ ಮುಗಿಯಿತು. ನಾವು ಕೂತು ನೆಲವನ್ನು ಬಡಿಯುತ್ತೇವೆ. ಅವರು ಕೂರುವುದೇ ಮೇಲೆ ಹೋಗಲು. ನಮಗೆ ಅಂಗಾಲಿನ ಸದ್ದು ಬೇಕು, ಅವರು ಹಾರಿ ಇಳಿದರೆ ಸದ್ದೇ ಬರಬಾರದು. ನಮ್ಮ ಕೊಡವ ಕುಣಿತ ಉಮ್ಮತ್ತಾಟ್ ಆಡಿದ ಹೆಂಗಸರಿಗೆ ಬಗ್ಗಿ ಏಳುವುದರ ಲಯ ಗೊತ್ತಿರುತ್ತದೆ, ಅದೂ ಇಲ್ಲಿ ಅಷ್ಟಾಗಿ ಸಹಾಯಕ್ಕೆ ಬರಲ್ಲ.

ಹಾಕಿಯವರ ಕಷ್ಟ ಬೇರೆ. ಯಾರಾದರೂ ಹಾಕಿ ಆಡಿದವರು ಹೇಳಿ.

ಲೆಫ್ಟ್ ಔಟ್

ನಾನು ಹೇಳ್ತೀನಿ. ಹಾಕಿಯಲ್ಲಿ ನಾವು ಅರ್ಧ ಆಯಸ್ಸು ಬಗ್ಗಿಯೇ ಕಳೆಯುತ್ತೇವೆ. ಮಂಡಿ ಮಡಿಸಿ, ನಡು ಬಗ್ಗಿಸಿ, ಕಣ್ಣು ಚೆಂಡಿನ ಮೇಲೆ. ಎಡಗೈ ಮೇಲೆ, ಬಲಗೈ ಕೆಳಗೆ, ಹಾಗಾಗಿ ಬಲಭುಜ ಸ್ವಲ್ಪ ತಗ್ಗಿರುತ್ತದೆ. ಆಟ ಬಿಟ್ಟು ಹದಿನೈದು ವರ್ಷ ಆಯ್ತು, ಈಗಲೂ ಫೋಟೋದಲ್ಲಿ ನನ್ನ ಭುಜ ಸೊಟ್ಟ. ಮದುವೆ ಫೋಟೋದಲ್ಲಿ ಕುಪ್ಪಸ ಚೇಲೆ ಎಲ್ಲ ಸರಿಯಾಗಿದೆ, ಭುಜ ಮಾತ್ರ ಡ್ರಿಬಲ್ ಮಾಡ್ತಿದೆ.

ಗೆಜ್ಜೆ ಟೀಚರ್ (ಮಡಿಕೇರಿ)

ಅದನ್ನೇ ಕೇಳಿದ್ದು. ಕಾಫಿಕಣ ಅವರೇ, ಹಿಂದಿನಿಂದ ಒಂದು ಫೋಟೋ ತೆಗೆದು ನೋಡಿ. ಇಲ್ಲಿ ಹಾಕಬೇಡಿ, ನೀವೇ ನೋಡಿ. ಎರಡು ಭುಜ ಒಂದೇ ಮಟ್ಟದಲ್ಲಿ ಇವೆಯಾ?

ಕಾಫಿಕಣ

ಇಲ್ಲ. ಬಲಗಡೆ ತಗ್ಗು. ಇಷ್ಟು ವರ್ಷ ನಾನು ಗಮನಿಸಿಯೇ ಇರಲಿಲ್ಲ.

ಗೋಣಿಕೊಪ್ಪ ಪ್ಯಾಸೆಂಜರ್

ತಡವಾಗಿ ಬಂದೆ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ದೊಡ್ಡವರಿಗಾಗಿ ನಡೆಸುವ ಬ್ಯಾಲೆ ಕ್ಲಾಸಿಗೆ ಎರಡು ವರ್ಷ ಹೋಗಿದ್ದೆ. 29ನೇ ವಯಸ್ಸಿನಲ್ಲಿ. ಏನೂ ಬರಲಿಲ್ಲ, ಆದರೆ ಏನು ಬರಬೇಕು ಅಂತ ಗೊತ್ತಾಯಿತು.

ಮೊದಲ ದಿನ ಕಂಬಿ ಹತ್ತಿರ ನಿಲ್ಲಿಸಿದರು. ಅದಕ್ಕೆ ಬಾರ್ ಅಂತಾರೆ. ನಾನು ಬಸ್ಸಿನಲ್ಲಿ ಹಿಡಿದ ಹಾಗೆ ಗಟ್ಟಿಯಾಗಿ ಹಿಡಿದೆ. ಟೀಚರ್ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಸುಮ್ಮನೆ ಕಂಬಿ ಮೇಲೆ ಇಟ್ಟರು. ಬೆಕ್ಕಿನ ಬೆನ್ನಿನ ಮೇಲೆ ಕೈ ಇಟ್ಟ ಹಾಗೆ. ಆ ಕ್ಷಣ ನಾನು ಬಲಕ್ಕೆ ವಾಲಿದೆ. ಅಲ್ಲಿವರೆಗೆ ನಿಂತಿದ್ದು ನಾನಲ್ಲ, ಕಂಬಿ ನನ್ನನ್ನು ನಿಲ್ಲಿಸಿತ್ತು.

ಮೂರು ತಿಂಗಳು ಬರೀ ನಿಲ್ಲುವುದು, ಪ್ಲಿಯೇ, ಪಾದವನ್ನು ನೆಲದ ಮೇಲೆ ಉಜ್ಜಿ ಮುಂದೆ ಚಾಚುವ ತಾಂದ್ಯೂ. ನೋಡಲು ಏನೂ ಇಲ್ಲ. ಆದರೆ ಮೂರನೇ ತಿಂಗಳಲ್ಲಿ ಆಫೀಸಿನಲ್ಲಿ ಒಬ್ಬರು ‘ನೀವು ಉದ್ದ ಆದ್ರಾ?’ ಅಂತ ಕೇಳಿದರು. ನಿಮ್ಮ ಹುಡುಗಿಗೆ ನಾಲ್ಕು ತಿಂಗಳಲ್ಲಿ ಸಿಗುವುದು ಅಷ್ಟು. ನಿರ್ದೇಶಕನಿಗೆ ಬೇಕಾದ್ದೂ ಬಹುಶಃ ಅಷ್ಟೇ.

ಇನ್ನು ಕೈ. ಬ್ಯಾಲೆಯವರ ಹೆಬ್ಬೆರಳು ಯಾವತ್ತೂ ಒಳಗೆ ಇರುತ್ತದೆ, ನಡುಬೆರಳಿನ ಕಡೆಗೆ. ಹೊರಗೆ ಚಾಚಿದ ಹೆಬ್ಬೆರಳು ನೂರು ಅಡಿ ದೂರದಿಂದಲೂ ಹೇಳುತ್ತದೆ, ಇವಳು ಹೊಸಬಳು ಅಂತ. ಕೈ ಎತ್ತುವುದು ಮಣಿಕಟ್ಟಿನಿಂದ ಅಲ್ಲ, ಬೆನ್ನಿನ ರೆಕ್ಕೆ ಎಲುಬಿನ ಕೆಳಗಿನಿಂದ.

ಕತ್ತರಿ (ಕುಶಾಲನಗರ, ಈಗ ಬೆಂಗಳೂರು)

ಟೀಚರ್ ಕಾಲನ್ನು ಸಾಲ ತರಬಹುದು ಅಂದರಲ್ಲ, ಅದನ್ನೇ ಕ್ಯಾಮೆರಾ ಭಾಷೆಯಲ್ಲಿ ಹೇಳ್ತೀನಿ. ಸೊಂಟದಿಂದ ಮೇಲೆ ನಟಿ. ಪಾದದ ಕ್ಲೋಸಪ್ ಡಬಲ್, ಅಂದರೆ ನಟಿಯ ಬದಲು ಕುಣಿಯುವ ಡಾನ್ಸರ್. ದೂರದ ಪೂರ್ತಿ ಮೈ ಶಾಟ್ ಡಬಲ್, ಅಥವಾ ಡಬಲ್ ಮೈಗೆ ಕಂಪ್ಯೂಟರ್‌ನಲ್ಲಿ ನಟಿಯ ಮುಖ. ‘ಬ್ಲ್ಯಾಕ್ ಸ್ವಾನ್’ನಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಸಾರಾ ಲೇನ್ ಡಬಲ್ ಆಗಿದ್ದರು. 2018ರ ‘ರೆಡ್ ಸ್ಪ್ಯಾರೋ’ಗೆ ಜೆನಿಫರ್ ಲಾರೆನ್ಸ್ ಕೆಲವು ತಿಂಗಳು ಕಲಿತರು, ಕಷ್ಟದ ಭಾಗಕ್ಕೆ ಅದೇ ಸಂಸ್ಥೆಯ ಇಸಬೆಲ್ಲಾ ಬಾಯ್ಲ್‌ಸ್ಟನ್ ಬಂದರು. ಇವೆರಡು ಸಿನಿಮಾಗಳಿಗೂ ನಟಿಯರನ್ನು ತಯಾರು ಮಾಡಿದವರಲ್ಲಿ ಕರ್ಟ್ ಫ್ರೋಮನ್ ಒಬ್ಬರು.

ಎಡಿಟಿಂಗ್ ಟೇಬಲ್ ಮೇಲೆ ನನಗೆ ಗೊತ್ತಾಗುವ ಒಂದು ಸಂಗತಿ. ಡಬಲ್ ಶಾಟಿನಿಂದ ನಟಿಯ ಶಾಟಿಗೆ ಕಟ್ ಮಾಡುವಾಗ ಮೋಸ ಬಯಲಾಗುವುದು ಕಾಲಿನಿಂದ ಅಲ್ಲ, ಕತ್ತಿನಿಂದ. ಡಬಲ್ ಕತ್ತು ಉದ್ದ, ನಟಿಯ ಕತ್ತು ಭುಜದೊಳಗೆ. ಅದೊಂದು ಹೊಂದಿದರೆ ನೋಡುವವರು ಉಳಿದದ್ದನ್ನು ನಂಬಿಬಿಡುತ್ತಾರೆ.

ಒಳ್ಳೆಮೆಣಸು

ಅಂದರೆ ಕುಣಿದವಳು ಒಬ್ಬಳು, ಪ್ರಶಸ್ತಿ ಇನ್ನೊಬ್ಬಳಿಗೆ. ಇದು ಕಾಫಿ ಕುಯ್ದವರು ಒಬ್ಬರು, ಕಪ್ಪಿನ ಮೇಲೆ ಹೆಸರು ಇನ್ನೊಬ್ಬರದು ಅನ್ನೋ ಕಥೆ ಆಯ್ತಲ್ಲ.

ಕತ್ತರಿ (ಕುಶಾಲನಗರ, ಈಗ ಬೆಂಗಳೂರು)

ಆ ಜಗಳ ನಿಜವಾಗಿಯೂ ಆಗಿದೆ. 2011ರಲ್ಲಿ ಪೋರ್ಟ್‌ಮನ್‌ಗೆ ಆಸ್ಕರ್ ಬಂತು. ಆಮೇಲೆ ಸಾರಾ ಲೇನ್, ಪೂರ್ತಿ ಮೈ ಕಾಣುವ ಶಾಟ್‌ಗಳಲ್ಲಿ ಪೋರ್ಟ್‌ಮನ್ ಕುಣಿದಿರುವುದು ಶೇ 5 ಮಾತ್ರ ಅಂದರು. ನಿರ್ದೇಶಕ ಡ್ಯಾರೆನ್ ಅರೊನೊಫ್ಸ್ಕಿ ಎಡಿಟರ್ ಹತ್ತಿರ ಶಾಟ್ ಎಣಿಸಿಸಿದರು. ನೃತ್ಯದ 139 ಶಾಟ್‌ಗಳಲ್ಲಿ 111 ಪೋರ್ಟ್‌ಮನ್ ಅವರದೇ, 28 ಲೇನ್ ಅವರದು ಅಂತ ಲೆಕ್ಕ ಕೊಟ್ಟರು.

ಇಬ್ಬರೂ ಸುಳ್ಳು ಹೇಳಿಲ್ಲ ಅನ್ನಿಸುತ್ತದೆ ನನಗೆ. ಒಬ್ಬರು ಪೂರ್ತಿ ಮೈ ಎಣಿಸಿದರು, ಇನ್ನೊಬ್ಬರು ಎಲ್ಲ ಶಾಟ್ ಎಣಿಸಿದರು. ಮುಖ ಮತ್ತು ತೋಳಿನ ಶಾಟ್ ಕೂಡ ನೃತ್ಯದ ಶಾಟೇ ಅಲ್ವಾ? ಆದರೆ ಒಳ್ಳೆಮೆಣಸು ಹೇಳುವ ನೋವು ಸುಳ್ಳಲ್ಲ. 1983ರ ‘ಫ್ಲಾಶ್‌ಡಾನ್ಸ್’ ನೋಡಿ. ನಾಯಕಿ ಜೆನಿಫರ್ ಬೀಲ್ಸ್ ಬದಲು ಹೆಚ್ಚಿನ ಕುಣಿತ ಮರೀನ್ ಜಹಾನ್ ಅವರದ್ದು. ನೆಲದ ಮೇಲೆ ಬೆನ್ನಲ್ಲಿ ಗಿರಕಿ ಹೊಡೆಯುವುದು ವಿಗ್ ಹಾಕಿದ ಒಬ್ಬ ಹುಡುಗ! ಜಹಾನ್ ಹೆಸರು ಪರದೆ ಮೇಲೆ ಬರಲೇ ಇಲ್ಲ.

ಒಳ್ಳೆಮೆಣಸು

ವಿಗ್ ಹಾಕಿದ ಹುಡುಗ! ಇದಕ್ಕೇ ನಾನು ಈ ಚರ್ಚೆ ಬಿಟ್ಟು ಹೋಗ್ತಿಲ್ಲ.

ಮಳೆಹುಳ

ಪೋರ್ಟ್‌ಮನ್ ಸುಮಾರು 9 ಕೆಜಿ ಇಳಿಸಿದ್ದರಂತೆ. ಕಾಫಿಕಣ ಅವರೇ, ಹುಡುಗಿಗೆ ಪಂದಿಕರಿ ಬಂದ್ ಮಾಡಿ.

ಫಿಸಿಯೋ, ಡಾಕ್ಟ್ರಲ್ಲ

ಮಳೆಹುಳ, ಇದು ತಮಾಷೆಯ ವಿಷಯ ಅಲ್ಲ. 9 ಕೆಜಿ ನಿಜ. ಅದೇ ಸಿನಿಮಾದಲ್ಲಿ ಎತ್ತುವ ದೃಶ್ಯದ ಅಭ್ಯಾಸದಲ್ಲಿ ಅವರ ಪಕ್ಕೆಲುಬು ಜಾರಿದ್ದೂ ನಿಜ. ಸೆಟ್‌ನಲ್ಲಿ ಪೆಟ್ಟು ನೋಡಿಕೊಳ್ಳಲು ಯಾರೂ ಇರಲಿಲ್ಲ, ಬಜೆಟ್ ಇಲ್ಲ ಅಂದರಂತೆ. ಬೇಕಾದರೆ ನನ್ನ ಟ್ರೇಲರ್ (ಸೆಟ್‌ನಲ್ಲಿ ನಟರು ಕೂರುವ ಗಾಡಿ) ತೆಗೆದುಬಿಡಿ ಅಂದರು ಪೋರ್ಟ್‌ಮನ್. ಮಾರನೇ ದಿನ ಟ್ರೇಲರ್ ಹೋಗಿತ್ತು. ಜೊತೆಗೆ ನಟಿಸಿದ ಮಿಲಾ ಕೂನಿಸ್‌ಗೆ ಲಿಗಮೆಂಟ್ ಹರಿದು, ಭುಜ ಜಾರಿತು. ಕಡಿಮೆ ತಿಂದು ಜಾಸ್ತಿ ದುಡಿಯುವ ಮೈ ಹೀಗೇ ಎಲ್ಲೋ ಒಂದು ಕಡೆ ಬಿಡುತ್ತದೆ. ಪಂದಿಕರಿ, ಕಡುಬು, ಮೊಟ್ಟೆ ಎಲ್ಲ ತಿನ್ನಲಿ. ನಾಲ್ಕು ತಿಂಗಳು ಕಾಲು, ನಡು ಕಟ್ಟಬೇಕಾದವಳು ಉಪವಾಸ ಇರುವುದಲ್ಲ.

ಲೆಫ್ಟ್ ಔಟ್

ನಾನೂ ಒಂದು ಹೇಳ್ತೀನಿ. ನಾನು ಆಡುತ್ತಿದ್ದ ಕಾಲದಲ್ಲಿ ಒಂದು ಕ್ಯಾಂಪಿನಲ್ಲಿ ಹಿಮ್ಮಡಿ ಉಳುಕಿದ್ದನ್ನು ಹೇಳದೆ ಆಡಿದೆ. ಹೇಳಿದರೆ ತಂಡದಿಂದ ತೆಗೀತಾರೆ ಅನ್ನೋ ಭಯ. ಕೋಚ್ ನೋಡಿದರೂ ಏನೂ ಅನ್ನಲಿಲ್ಲ. ಈಗ ಮಳೆ ಬರುವ ಮುಂಚೆ ಹವಾಮಾನ ಇಲಾಖೆಗಿಂತ ಮೊದಲು ನನ್ನ ಹಿಮ್ಮಡಿ ಹೇಳುತ್ತದೆ. ಹುಡುಗಿಗೆ ಹೇಳಿ, ನೋವು ಬಂದರೆ ಆವತ್ತೇ ಹೇಳಬೇಕು.

ಕಾಫಿಕಣ (ಮೂರು ವಾರದ ನಂತರ)

ಕಕ್ಕಡ ಮಳೆ. ನಾಲ್ಕು ದಿನ ಕರೆಂಟ್ ಇರಲಿಲ್ಲ, ಟವರ್ ಸತ್ತಿತ್ತು. ಅದಕ್ಕೇ ಉತ್ತರ ಇಲ್ಲ.

ಸುದ್ದಿ ಹೇಳ್ತೀನಿ. ಶೂ ಕೊನೆಗೂ ಬಂತು. ಬೈಬೇಡಿ, ಕಾಲಿಗಲ್ಲ. ಹುಡುಗಿ ಶೂವನ್ನು ಕಿಟಕಿ ಹತ್ತಿರ ಇಟ್ಟಿದ್ದಳು, ಐದೇ ದಿನಕ್ಕೆ ಬೂಷ್ಟು ಹಿಡಿಯಿತು. ಆ ಅಂಟಿನ ಡಬ್ಬಿ ನೆನೆದ ಒಬ್ಬಟ್ಟಿನ ಹಾಗೆ ಆಗಿದೆ.

ಈಗ ಕೈಸಾಲೆಯ ಎರಡು ಕಂಬಕ್ಕೆ ಬಿದಿರು ಕಟ್ಟಿಕೊಟ್ಟಿದ್ದೇನೆ. ಸೊಂಟದ ಮಟ್ಟಕ್ಕೆ. ಬೆಳಗ್ಗೆ ಒಂದೂವರೆ ಗಂಟೆ, ಸಂಜೆ ಒಂದು ಗಂಟೆ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಒಬ್ಬ ಟೀಚರ್ ಹತ್ತಿರ ತಪ್ಪು ತಿದ್ದಿಸಿಕೊಂಡು ಬರುತ್ತಾಳೆ. ಮೊನ್ನೆ ಅಭ್ಯಾಸದ ಮಧ್ಯೆ ಕಾಲಿಗೆ ಜಿಗಣೆ ಹತ್ತಿತು, ತಾಂದ್ಯೂ ನಿಲ್ಲಿಸಲಿಲ್ಲ. ಅದನ್ನು ನೋಡಿ ಇವಳಿಗೆ ಆಗುತ್ತೆ ಅನ್ನಿಸಿತು.

ಗೋಣಿಕೊಪ್ಪ ಪ್ಯಾಸೆಂಜರ್

ಬೂಷ್ಟು ಹಿಡಿದ ಶೂ ಎಸೆಯಬೇಡಿ! ಬಿಸಿಲು ಕಂಡ ದಿನ ಒಣಗಿಸಿ. ನಿಜವಾದ ಡಾನ್ಸರ್‌ಗಳ ಶೂ ಕೂಡ ಬೆವರಿಗೆ ಮೆತ್ತಗಾಗುತ್ತದೆ, ಕೆಲವು ಸಲ ಒಂದೇ ಪ್ರದರ್ಶನಕ್ಕೆ ಒಂದು ಜೊತೆ ಮುಗಿಯುತ್ತದೆ. ಕೆಲವರು ಒಳಗೆ ಅಂಟು ಸುರಿದು ಗಟ್ಟಿ ಮಾಡಿಕೊಳ್ಳುತ್ತಾರೆ.

ಅವಳ ಪಾತ್ರ ಬ್ಯಾಲೆ ಬಿಟ್ಟು ಬಂದ ಹುಡುಗಿ ಅಲ್ವಾ? ಹಾಗಿದ್ದರೆ ಹಳೇ ಶೂಗೆ ರಿಬ್ಬನ್ ಹೊಲಿಯುವುದನ್ನು ಕಲಿಸಿ. ಅಂಗಡಿಯಿಂದ ಬರುವಾಗ ರಿಬ್ಬನ್ ಹೊಲಿದಿರುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಕಾಲಿಗೆ ತಕ್ಕ ಹಾಗೆ ತಾವೇ ಹೊಲಿಯುತ್ತಾರೆ. ಹಿಮ್ಮಡಿ ಭಾಗವನ್ನು ಒಳಗೆ ಮಡಚಿ, ಮಡಿಕೆ ಬಿದ್ದ ಜಾಗದಲ್ಲಿ ಗುರುತು ಹಾಕಿ, ಅಲ್ಲಿ ಹೊಲಿಗೆ. ತುದಿ ಎಳೆ ಬಿಡದ ಹಾಗೆ ಬೆಂಕಿಕಡ್ಡಿಯಿಂದ ಸ್ವಲ್ಪ ಸುಡುತ್ತಾರೆ. ನೋಡದೇ ಹೊಲಿಯುವಷ್ಟು ಅಭ್ಯಾಸ ಆಗಬೇಕು. ಮಾತಾಡುತ್ತಾ, ಟಿವಿ ನೋಡುತ್ತಾ. ಕುಣಿತಕ್ಕಿಂತ ಅದು ಜಾಸ್ತಿ ನಂಬಿಸುತ್ತದೆ.

ಕತ್ತರಿ (ಕುಶಾಲನಗರ, ಈಗ ಬೆಂಗಳೂರು)

ಇದನ್ನು ನಿರ್ದೇಶಕರಿಗೆ ಇವತ್ತೇ ಹೇಳಿ. ಡಬಲ್ ಇಲ್ಲದ ಸಿನಿಮಾಕ್ಕೆ ಚಿನ್ನದಂಥ ಶಾಟ್. ಕೈ, ಸೂಜಿ, ಸುಟ್ಟ ರಿಬ್ಬನ್. ಡಬಲ್ ಬೇಡ, ಕಂಪ್ಯೂಟರ್ ಬೇಡ.

ಕಾಫಿಕಣ (ಕೈಲ್‌ಪೊಳ್ದ್ ಮುಗಿದ ಮೇಲೆ)

ಹಬ್ಬಕ್ಕೆ ನೆಂಟರೆಲ್ಲ ಬಂದಿದ್ದರು. ಊಟಕ್ಕೆ ಕೂತಾಗ ನಮ್ಮ ಅಮ್ಮ ಇವಳನ್ನೇ ನೋಡುತ್ತಿದ್ದರು. ಆಮೇಲೆ ಅಡುಗೆಮನೆಗೆ ಬಂದು ನನ್ನ ಅಕ್ಕನ ಕಿವಿಯಲ್ಲಿ ಕೇಳಿದ್ದು, ‘ಈ ಹುಡುಗಿಗೆ ಏನಾಗಿದೆ? ಕೋಲು ನುಂಗಿದವಳ ಹಾಗೆ ಕೂತಿದ್ದಾಳೆ. ಯಾರ ಮೇಲಾದರೂ ಸಿಟ್ಟಾ?’

ಟೀಚರ್, ನಿಮಗೆ ಇದನ್ನು ಹೇಳಲೇಬೇಕು ಅನ್ನಿಸಿತು.

ನಿರ್ದೇಶಕ ಹುಡುಗ ಬಂದು ನೋಡಿ ಹೋದ. ಎರಡೂವರೆ ನಿಮಿಷದ ಕುಣಿತವನ್ನು ಐವತ್ತು ಸೆಕೆಂಡಿಗೆ ಇಳಿಸಿದ್ದಾನೆ. ಕೈಸಾಲೆಯಲ್ಲೇ, ಆ ಬಿದಿರಿನ ಹತ್ತಿರ, ಹೊರಗೆ ಮಂಜು, ಕ್ಯಾಮೆರಾ ಹಿಂದಿನಿಂದ. ಮೆತ್ತನೆ ಶೂ. ಭುಜ ಈಗ ಹೆಚ್ಚು ಕಡಿಮೆ ಸಮ ಆಗಿದೆ, ಆದರೆ ಸುಸ್ತಾದಾಗ ಬಲಗಡೆ ಇಳಿಯುತ್ತದೆ. ಅದನ್ನು ಹಾಗೇ ಬಿಡು, ಇದು ಆ ಹುಡುಗಿಯದೇ ಭುಜ ಅಂದನಂತೆ ಅವನು.

ಒಳ್ಳೆಮೆಣಸು

ಸರಿ, ನಾನು ನನ್ನ ಮಾತು ಅರ್ಧ ವಾಪಸ್ ತಗೋತೀನಿ. ಅರ್ಧ ಮಾತ್ರ.

ಲೆಫ್ಟ್ ಔಟ್

ಆ ಇಳಿದ ಭುಜ ನಮ್ಮ ಕಡೆಯಿಂದ ಅಂತ ಕೊನೆಗೆ ಹೆಸರು ಹಾಕಿಸಿ.

ಕಾಫಿಕಣ

ಟೀಚರ್‌ಗೆ ಮೆಸೇಜಿನಲ್ಲಿ ಇಪ್ಪತ್ತು ಸೆಕೆಂಡಿನ ವೀಡಿಯೋ ಕಳಿಸಿದ್ದೇನೆ. ನೋಡಿ ಹೇಳಿ. ನಿಜ ಹೇಳಿ, ಮುಲಾಜು ಬೇಡ.

ಗೆಜ್ಜೆ ಟೀಚರ್ (ಮಡಿಕೇರಿ)

ನೋಡಿದೆ. ಎರಡು ಸಲ ನೋಡಿದೆ. ಕತ್ತು ಬಂದಿದೆ, ಬೆನ್ನು ಬಂದಿದೆ. ಕಂಬಿ ಮೇಲೆ ಕೈ ಹಗುರವಾಗಿದೆ.

ಎಡಗೈ ಹೆಬ್ಬೆರಳು ಮಾತ್ರ ಇನ್ನೂ ಕೋಲು ಹಿಡಿದ ಹಾಗೇ ಇದೆ. ಇನ್ನೂ ಐದು ವಾರ ಇದೆಯಲ್ಲ, ಹೇಳಿ ಅವಳಿಗೆ.